ಪರದೆಯ ಕಾಲ, ಪರದೆಯ ಅಕ್ಷರ

ಗಣಕಯಂತ್ರದ ಪರದೆಯ ಮೇಲೆ ನಡೆಯುವ ವ್ಯಾಪಾರವನ್ನು ನೋಡುವುದಕ್ಕೆಂದು ದಾಖಲಿಸಿಕೊಳ್ಳುವುದು ಒಂದು ಕೆಲಸ. ಅದನ್ನೇ ಸಂಕಲನಕ್ಕೆಂದು ದಾಖಲಿಸಿಕೊಳ್ಳುವುದು ಬೇರೆಯೇ ಒಂದು ಕೆಲಸ. ಮೊದಲನೆಯದಕ್ಕೆ ಗುಂಡಿಯೊಂದನ್ನು ಒತ್ತಿದರೆ ತೀರಿತು. ಎರಡನೆಯದರಲ್ಲಿ ದಾಖಲೆಯೆಂಬುದು ಕಚ್ಚಾ ದ್ರವ್ಯ. ಅದನ್ನು ಕತ್ತರಿಸಿ, ಹಿಗ್ಗಿಸಿ, ಬೇಕಾದೆಡೆ ತಡೆದು ನಿಲ್ಲಿಸಿ, ಬೇರೊಂದು ಧ್ವನಿಯೊಡನೆ ಜೋಡಿಸಿ, ಮತ್ತೊಮ್ಮೆ ಸಂಕೋಚಿಸಿ ಲೋಕಕ್ಕೆ ಒಪ್ಪಿಸಬೇಕಾಗಿರುವುದರಿಂದ, ಮೊದಲ ಘಳಿಗೆಯಲ್ಲಿ ಯಾವುದು ನಷ್ಟವಾಯಿತೋ ಅದು ಮುಂದಿನ ಯಾವ ಘಳಿಗೆಯಲ್ಲಿಯೂ ಮರಳಿ ಬಾರದು. ಈ ಭೇದವನ್ನು ಗಮನಿಸದೆ ಹೋದುದರಿಂದ, ವಿಷಯವನ್ನು ಚೆನ್ನಾಗಿ ಬಲ್ಲವರೂ ತಾಳ್ಮೆಯಿಂದ ವಿವರಿಸತಕ್ಕವರೂ ಆದ ಅಧ್ಯಾಪಕರು ಸಿದ್ಧಪಡಿಸಿದ ಎಷ್ಟೋ ಪಾಠಗಳು, ಮಾತು ಒಂದು ಕಡೆ ಚಿತ್ರ ಒಂದು ಕಡೆಯಾಗಿ, ಅಕ್ಷರಗಳು ಕದಡಿದ ನೀರಿನಂತಾಗಿ, ಓದಲಾರದ ಸ್ಥಿತಿಗೆ ಬಂದಿರುವುದನ್ನು ಕಾಣುತ್ತೇವೆ. ಅಂಥ ಶ್ರಮವು ವ್ಯರ್ಥವಾಗಬಾರದೆಂಬ ಆಸೆಯಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ಸಾವಧಾನವಾಗಿ ವಿಚಾರಿಸಿದ್ದೇನೆ.

ಪರದೆಯನ್ನು ಪರರಿಗೆ ತೋರಿಸಬೇಕೆಂಬ ಬಯಕೆ ಗಣಕಯಂತ್ರಕ್ಕೆ ಪರದೆ ಬಂದಷ್ಟೇ ಹಳೆಯದು. 1968ನೆಯ ಇಸವಿ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನೆರೆದಿದ್ದ ಗಣಕತಜ್ಞರ ಸಮ್ಮೇಳನದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟರು ವೇದಿಕೆಯ ಮೇಲೆ ಕುಳಿತು, ತಾವು ನಡೆಸುತ್ತಿದ್ದ ಯಂತ್ರವು ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿದ್ದರೂ, ಅದರ ಪರದೆಯನ್ನು ಸುಮಾರು 90 ನಿಮಿಷಗಳ ಕಾಲ ಸಭೆಯ ಕಣ್ಣ ಮುಂದೆ ತೆರೆದಿಟ್ಟರು. ಅವರ ಕೈಯಲ್ಲಿದ್ದ ಮೌಸ್ ಎಂಬ ಪುಟ್ಟ ಉಪಕರಣದಿಂದ ಹಿಡಿದು, ಪುಟದಿಂದ ಪುಟಕ್ಕೆ ನೆಗೆಯುವ ಕೊಂಡಿಗಳವರೆಗೆ ಅಂದು ಪ್ರದರ್ಶಿತವಾದ ವಸ್ತುಗಳ ಕಥೆ ಸುಪ್ರಸಿದ್ಧವಾದದ್ದು. ಆದರೆ ಅದನ್ನು ತೋರಿಸಿದ ಬಗೆ ಅಷ್ಟು ಪ್ರಸಿದ್ಧವಾಗಿಲ್ಲ. ನಮ್ಮ ಪ್ರಕೃತ ವಿಷಯಕ್ಕೆ ಅದೇ ಮುಖ್ಯ. ಆ ಯಂತ್ರದ ಅಕ್ಷರಗಳು ಮೂಡುತ್ತಿದ್ದುದು ಚಿಕ್ಕ ಚಿಕ್ಕ ಕ್ಯಾಥೋಡ್ ಕಿರಣದ ಕೊಳವೆಗಳ ಮೇಲೆ. ಅವುಗಳೆದುರು ಟೆಲಿವಿಷನ್ ಕ್ಯಾಮೆರಾಗಳನ್ನು ನಿಲ್ಲಿಸಿ, ಅವು ಕಂಡದ್ದನ್ನು ಸೂಕ್ಷ್ಮತರಂಗಗಳ ಮೂಲಕ ನಗರಕ್ಕೆ ಕಳುಹಿಸಿ, ಸಭಾಂಗಣದಲ್ಲಿ ಬಿಲ್ ಇಂಗ್ಲಿಷ್ ಎಂಬ ಸಹೋದ್ಯೋಗಿಗಳು ಆ ಚಿತ್ರವನ್ನೂ, ವೇದಿಕೆಯ ಮೇಲಿದ್ದ ಎಂಗೆಲ್‌ಬಾರ್ಟರ ಮುಖವನ್ನೂ, ಅವರ ಕೈಗಳ ಚಲನೆಯನ್ನೂ ಒಮ್ಮೆ ಪಕ್ಕಪಕ್ಕದಲ್ಲಿ, ಒಮ್ಮೆ ಒಂದರ ಮೇಲೊಂದು, ಆಯಾ ಕ್ಷಣದ ಅಗತ್ಯವರಿತು ಬೆರೆಸಿ ತೋರಿಸಿದರು. ಪರದೆ, ಮುಖ, ಕೈ, ಮಾತು ಇವು ಬೇರೆ ಬೇರೆಯಾಗಿ ಬಂದು, ವಿವೇಕವುಳ್ಳ ಒಬ್ಬ ಮನುಷ್ಯನ ಕೈಯಲ್ಲಿ ಒಂದಾದುವು. ಅಂದಿನ ಚಲನಚಿತ್ರದ ಪ್ರತಿಯನ್ನು ಇಂದು ನೋಡಿದರೂ ಅರ್ಥವಾಗುವುದಕ್ಕೆ ಈ ಬೆರೆಸುವಿಕೆಯೇ ಕಾರಣವೆಂದು ನನ್ನ ಭಾವನೆ.

ಪರದೆಯ ಎದುರು ಕ್ಯಾಮೆರಾ ನಿಲ್ಲಿಸುವ ಈ ಪದ್ಧತಿಯು ಅದಕ್ಕೂ ಎರಡು ದಶಕಗಳ ಹಿಂದಿನದು. ದೃಶ್ಯವನ್ನು ಕಾಂತಪಟ್ಟಿಯ ಮೇಲೆ ಹಿಡಿದಿಡುವ ಉಪಾಯವು ಇನ್ನೂ ತಿಳಿಯದಿದ್ದ ಕಾಲದಲ್ಲಿ, 1947ರಲ್ಲಿ, ಈಸ್ಟ್‌ಮನ್ ಕೊಡಾಕ್ ಸಂಸ್ಥೆಯು ಡ್ಯೂಮಾಂಟ್ ಮತ್ತು ಎನ್‌ಬಿಸಿ ಸಂಸ್ಥೆಗಳ ಸಹಕಾರದಿಂದ, ಟೆಲಿವಿಷನ್ ಪರದೆಯನ್ನು ನೇರವಾಗಿ ಫಿಲ್ಮಿನ ಮೇಲೆ ಚಿತ್ರಿಸುವ ಕಿನೆಸ್ಕೋಪ್ ಕ್ಯಾಮೆರಾವನ್ನು ಹೊರತಂದಿತು. ಅಲ್ಲಿ ಎದುರಾದ ತೊಡಕು ಇಂದಿಗೂ ನಮ್ಮನ್ನು ಬಿಟ್ಟಿಲ್ಲವಾದುದರಿಂದ ಅದನ್ನು ವಿವರವಾಗಿ ತಿಳಿಯುವುದು ಯುಕ್ತ. ಅಮೆರಿಕದ ಟೆಲಿವಿಷನ್ ಸೆಕೆಂಡಿಗೆ 30 ಚಿತ್ರಗಳನ್ನು ತೋರುತ್ತಿತ್ತು. ಫಿಲ್ಮು ಸೆಕೆಂಡಿಗೆ 24 ಚಿತ್ರಗಳನ್ನು ಮಾತ್ರ ಹಿಡಿಯುತ್ತಿತ್ತು. ಆದಕಾರಣ ಫಿಲ್ಮಿನ ಪ್ರತಿಯೊಂದು ಚೌಕಟ್ಟೂ ಸೆಕೆಂಡಿನ 30ನೆಯ ಒಂದು ಭಾಗದಷ್ಟು ಕಾಲ ಬೆಳಕಿಗೆ ತೆರೆದುಕೊಂಡು, 120ನೆಯ ಒಂದು ಭಾಗದಷ್ಟು ಕಾಲ ಮುಚ್ಚಿಕೊಂಡು, ಆ ಅತ್ಯಲ್ಪ ಅವಧಿಯಲ್ಲೇ ಫಿಲ್ಮನ್ನು ಮುಂದಕ್ಕೆಳೆಯಬೇಕಾಗಿತ್ತು. ಮುಂದಿನ ಚೌಕಟ್ಟು ಆರಂಭವಾಗುವ ಹೊತ್ತಿಗೆ ಟೆಲಿವಿಷನ್ನಿನ ರೇಖೆ ಪರದೆಯ ನಟ್ಟನಡುವೆ ಇರುತ್ತಿತ್ತು. ಎರಡು ಅರ್ಧಗಳ ಬೆಸುಗೆ ಕೂದಲೆಳೆಯಷ್ಟು ತಪ್ಪಿದರೂ ಚಿತ್ರಕ್ಕೆ ಅಡ್ಡಲಾಗಿ ಒಂದು ಪಟ್ಟೆ ಬಿದ್ದುಬಿಡುವುದು. ಸೆಕೆಂಡಿಗೆ 25 ಚಿತ್ರಗಳ ಲೆಕ್ಕ ಹಿಡಿದ ದೇಶಗಳಿಗೆ ಈ ಕಷ್ಟವಿರಲಿಲ್ಲ. ಅವರು ಫಿಲ್ಮನ್ನೂ 25ರ ವೇಗದಲ್ಲೇ ಓಡಿಸಿದರು. 1956ರಲ್ಲಿ ಆಂಪೆಕ್ಸ್ ಸಂಸ್ಥೆಯ ವೀಡಿಯೋ ಟೇಪು ಬಂದ ಮೇಲೆ ಕಿನೆಸ್ಕೋಪ್ ಕ್ರಮೇಣ ಮರೆಯಾಯಿತು. ಆದರೆ ಪರದೆಗೆ ತನ್ನದೇ ಒಂದು ಕಾಲವುಂಟು, ದಾಖಲಿಸುವ ಯಂತ್ರಕ್ಕೆ ಇನ್ನೊಂದು ಕಾಲವುಂಟು ಎಂಬ ಆ ಪಾಠವು ಅದರೊಡನೆ ಮರೆಯಾಗಬಾರದಾಗಿತ್ತು.

ಇಂದು ಕ್ಯಾಮೆರಾ ಬೇಕಿಲ್ಲ. ಯಂತ್ರವು ತಾನು ಬರೆದ ಚಿತ್ರವನ್ನು ತಾನೇ ಓದಿಕೊಂಡು ದಾಖಲಿಸುತ್ತದೆ. ಇದರಿಂದ ಎಲ್ಲವೂ ಯಥಾವತ್ತಾಗಿ ಉಳಿಯುವುದೆಂದು ಭಾವಿಸುವುದು ಸಹಜವಾದರೂ, ಒಂದು ಸಣ್ಣ ಗುಣಾಕಾರವು ಆ ಭಾವನೆಯನ್ನು ಸಡಿಲಿಸುತ್ತದೆ. ಸಾಮಾನ್ಯವಾದ ಪರದೆಯೊಂದರಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು 20,73,600 ಚಿತ್ರಬಿಂದುಗಳು. ಒಂದೊಂದಕ್ಕೂ ಮೂರು ಬಣ್ಣಗಳ ಮೂರು ಬೈಟುಗಳು. ಸೆಕೆಂಡಿಗೆ 60 ಚಿತ್ರಗಳು. ಹೀಗೆ ಸೆಕೆಂಡೊಂದಕ್ಕೆ ಸುಮಾರು 373 ಮೆಗಾಬೈಟು, ಗಂಟೆಯೊಂದಕ್ಕೆ 1.3 ಟೆರಾಬೈಟಿಗೂ ಮಿಗಿಲಾಗುತ್ತದೆ. ಇಷ್ಟನ್ನು ಸಾಮಾನ್ಯ ಗಣಕವು ಹೊರಲಾರದಾದುದರಿಂದ ದಾಖಲೆಯ ಕ್ಷಣದಲ್ಲೇ ಸಂಕೋಚನ ಅನಿವಾರ್ಯವಾಗುತ್ತದೆ. ಸಂಕೋಚನವೆಂದರೆ ಬಹುಮಟ್ಟಿಗೆ ಯಾವುದನ್ನೋ ಬಿಡುವುದು. ಯಾವುದನ್ನು ಬಿಡಬೇಕೆಂಬ ನಿರ್ಣಯವನ್ನು ನಾವು ಮಾಡದಿದ್ದರೆ ಯಂತ್ರವು ಮಾಡುತ್ತದೆ, ಮತ್ತು ಅದು ಸಾಮಾನ್ಯವಾಗಿ ಬಿಡುವುದು ಎರಡನ್ನು: ಕಾಲದ ಸಮತೆಯನ್ನು, ಬಣ್ಣದ ಸೂಕ್ಷ್ಮತೆಯನ್ನು.

ಮೊದಲು ಕಾಲದ ಮಾತು. ಮರವಾಗಲಿ ಮನುಷ್ಯನಾಗಲಿ ಕ್ಯಾಮೆರಾದ ಮುಂದೆ ಎಂದೂ ಸಂಪೂರ್ಣವಾಗಿ ನಿಶ್ಚಲವಲ್ಲ. ಗಣಕದ ಪರದೆಯಾದರೋ ಕ್ಷಣಗಟ್ಟಲೆ ಒಂದು ಬಿಂದುವೂ ಕದಲದಂತೆ ನಿಂತಿರುತ್ತದೆ, ಮರುಕ್ಷಣದಲ್ಲಿ ಆಮೂಲಾಗ್ರವಾಗಿ ಬದಲಾಗುತ್ತದೆ. ಬದಲಾವಣೆಯಿಲ್ಲದಾಗ ಹೊಸ ಚಿತ್ರವನ್ನು ಬರೆಯುವುದೇಕೆಂದು ಹಲವು ದಾಖಲೆಯ ಸಾಧನಗಳು, ಮುಖ್ಯವಾಗಿ ಮೊಬೈಲ್ ದೂರವಾಣಿಗಳಲ್ಲಿರುವಂಥವು, ಸುಮ್ಮನಿದ್ದುಬಿಡುತ್ತವೆ. ಯಂತ್ರಕ್ಕೆ ಬೇರೆ ಕೆಲಸದ ಒತ್ತಡ ಹೆಚ್ಚಿದಾಗಲೂ ಕೆಲವು ಚಿತ್ರಗಳನ್ನು ತಪ್ಪಿಸಿಬಿಡುತ್ತವೆ. ಪ್ರತಿ ಚಿತ್ರದ ಮೇಲೂ ಅದು ಮೂಡಿದ ಗಳಿಗೆಯ ಮುದ್ರೆಯಿರುವುದರಿಂದ ನೋಡುವ ತಂತ್ರಾಂಶಕ್ಕೆ ಇದರಿಂದ ಬಾಧೆಯಿಲ್ಲ. ಸಂಕಲನದ ತಂತ್ರಾಂಶದ ಕ್ರಮ ಬೇರೆ. ಅದರ ಟೈಮ್‌ಲೈನ್ ಸಮಾನವಾದ ಮನೆಗಳಾಗಿ ವಿಭಾಗವಾಗಿರುವುದು. ಬಂದ ಚಿತ್ರಗಳನ್ನು ಒಂದು ಮನೆಗೆ ಒಂದರಂತೆ ಕೂರಿಸುತ್ತ ಹೋದರೆ ದೃಶ್ಯವು ತನ್ನ ಕಾಲವನ್ನು ಮರೆತು ಓಡುತ್ತದೆ, ಧ್ವನಿಯು ತನ್ನ ಕಾಲದಲ್ಲಿಯೇ ನಡೆಯುತ್ತದೆ. ಈಚಿನ ತಂತ್ರಾಂಶಗಳು ಇದನ್ನು ಒಂದು ಮಟ್ಟಿಗೆ ಸರಿದೂಗಿಸಿಕೊಳ್ಳುವುವಾದರೂ ಪೂರ್ತಿಯಾಗಿ ನಂಬಿ ಕೂರುವುದು ಕ್ಷೇಮವಲ್ಲ. ಸೆಕೆಂಡಿಗೆ 29.97ರಂತೆ ದಾಖಲಾದ ಚಿತ್ರವನ್ನು 30 ಎಂದೆಣಿಸುವ ಅತಿ ಸಣ್ಣ ತಪ್ಪು ಕೂಡ ಗಂಟೆಯ ಕೊನೆಗೆ ಮೂರೂವರೆ ಸೆಕೆಂಡಿಗೂ ಮೀರಿದ ಅಂತರವನ್ನು ತಂದಿಡುತ್ತದೆ; ಅಷ್ಟು ಹೊತ್ತಿನಲ್ಲಿ ವಿವರಿಸುವವರ ಒಂದು ವಾಕ್ಯವೇ ಮುಗಿದಿರುತ್ತದೆ.

ಇದಕ್ಕೆ ಪರಿಹಾರವು ಕಷ್ಟವೇನಲ್ಲ. ದಾಖಲಿಸುವಾಗಲೇ ನಿಯತವಾದ ವೇಗವನ್ನು ಆರಿಸಿಕೊಳ್ಳುವುದು ಉತ್ತಮ. 2012ರಲ್ಲಿ ಆರಂಭವಾಗಿ ಇಂದು ಉಚಿತವೂ ಮುಕ್ತವೂ ಆಗಿ ದೊರೆಯುವ ಓಬಿಎಸ್ ಸ್ಟುಡಿಯೋ ಎಂಬ ದಾಖಲೆಯ ತಂತ್ರಾಂಶವು ಹಾಗೆಯೇ ಮಾಡುತ್ತದೆ. ಈಗಾಗಲೇ ಅಸಮವಾಗಿ ದಾಖಲಾಗಿದ್ದರೆ, ಟೈಮ್‌ಲೈನಿಗೆ ತರುವ ಮುನ್ನವೇ ಎಫ್‌ಎಫ್‌ಎಂಪೆಗ್ ಅಥವಾ ಹ್ಯಾಂಡ್‌ಬ್ರೇಕ್ ತಂತ್ರಾಂಶದಿಂದ ಅದನ್ನು ನಿಯತ ವೇಗಕ್ಕೆ ಪರಿವರ್ತಿಸಿಕೊಳ್ಳಬೇಕು. ಸಂಕಲನ ಅರ್ಧವಾದ ಮೇಲೆ ಮಾಡಹೊರಟರೆ ಕತ್ತರಿಸಿದ ಸ್ಥಳಗಳೆಲ್ಲ ಜರುಗುತ್ತವೆ. ವೇಗವನ್ನು ಆರಿಸುವಾಗ ಪರದೆಯ ಲೆಕ್ಕವನ್ನೂ ನೋಡತಕ್ಕದ್ದು. ಸಾಮಾನ್ಯ ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುವುದರಿಂದ 60 ಅಥವಾ 30 ಅದಕ್ಕೆ ಸರಿಯಾಗಿ ಹೊಂದುತ್ತವೆ. ನಮ್ಮ ದೇಶದ ಟೆಲಿವಿಷನ್ ಪದ್ಧತಿಯ 25ನ್ನು ಅಭ್ಯಾಸಬಲದಿಂದ ಇಟ್ಟುಕೊಂಡರೆ 60 ಅದರಿಂದ ನಿಶ್ಶೇಷವಾಗಿ ಭಾಗಿಸಲ್ಪಡದೆ, ಸಾಲುಗಳು ಮೇಲೆ ಸರಿಯುವಾಗಲೂ ಕರ್ಸರ್ ಓಡುವಾಗಲೂ ಕಿನೆಸ್ಕೋಪ್ ಎದುರಿಸಿದ ಅದೇ ಕಾಲಭೇದವು ಮುಗ್ಗರಿಕೆಯಾಗಿ ಕಾಣಿಸಿಕೊಳ್ಳುತ್ತದೆ.

ಇನ್ನು ಅಕ್ಷರದ ಮಾತು. ನನಗೆ ಇದರಲ್ಲಿ ಆಸ್ಥೆ ಹೆಚ್ಚು. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸಲಾರದೆಂಬುದನ್ನು ಆಧಾರವಾಗಿಟ್ಟುಕೊಂಡು, ವೀಡಿಯೋ ಶಾಸ್ತ್ರಜ್ಞರು ನಾಲ್ಕು ಬಿಂದುಗಳಿಗೆ ನಾಲ್ಕು ಪ್ರಕಾಶಮಾನಗಳನ್ನೂ ಒಂದೇ ವರ್ಣಮಾನವನ್ನೂ ಇಟ್ಟುಕೊಳ್ಳುವ 4:2:0 ಎಂಬ ಕ್ರಮವನ್ನು ಬಳಕೆಗೆ ತಂದರು. 2003ರಲ್ಲಿ ಪ್ರಕಟವಾದ ಎಚ್.264 ಮೊದಲುಗೊಂಡು ಬಳಕೆಯಲ್ಲಿರುವ, ಚಿತ್ರವನ್ನು ಸಂಕೋಚಿಸುವ ಕೊಡೆಕ್‌ಗಳ ದಾಖಲೆಗಳಲ್ಲಿ ಬಹುಪಾಲು ಈ ಕ್ರಮದವು. ಮಲೆನಾಡಿನ ಕಾಡನ್ನೋ ಮದುವೆಯ ಮನೆಯನ್ನೋ ಚಿತ್ರಿಸುವಾಗ ಇದರ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರಕೃತಿಯಲ್ಲಿ ಬಣ್ಣವು ಮೆಲ್ಲಮೆಲ್ಲನೆ ಬದಲಾಗತಕ್ಕದ್ದು. ಪರದೆಯ ಮೇಲಿನ ಅಕ್ಷರವಾದರೋ ಒಂದೇ ಬಿಂದುವಿನ ಅಗಲದಲ್ಲಿ ಕಪ್ಪಿನಿಂದ ಬಿಳಿಗೆ, ಕೆಂಪಿನಿಂದ ನೀಲಿಗೆ ಹಾರುತ್ತದೆ. 1920ಕ್ಕೆ 1080ರ ಚಿತ್ರದಲ್ಲಿ ಬಣ್ಣಕ್ಕೆ ದೊರೆಯುವುದು 960ಕ್ಕೆ 540ರ ಅವಕಾಶ ಮಾತ್ರವಾದುದರಿಂದ, ನೀಲಿಯ ಮೇಲಿನ ಕೆಂಪಕ್ಷರದ ಅಂಚು ನೆರೆಯ ಬಿಂದುಗಳಿಗೆ ಹರಡಿಬಿಡುತ್ತದೆ. ವಿಂಡೋಸಿನ ಕ್ಲಿಯರ್‌ಟೈಪ್ ಎಂಬ ತಂತ್ರವು ಅಕ್ಷರದ ಅಂಚನ್ನು ನುಣುಪಾಗಿಸಲೆಂದು ಬಿಂದುವಿನೊಳಗಿನ ಕೆಂಪು, ಹಸುರು, ನೀಲಿಗಳನ್ನೇ ಬಳಸಿಕೊಳ್ಳುವುದರಿಂದ, ಕಪ್ಪೆಂದು ನಾವು ನಂಬಿರುವ ಅಕ್ಷರದ ಅಂಚೂ ವಾಸ್ತವವಾಗಿ ಬಣ್ಣದ್ದೇ, ಅದೂ ಕೆಡುತ್ತದೆ.

ಕನ್ನಡದ ಲಿಪಿಗೆ ಈ ಹಾನಿ ವಿಶೇಷವಾಗಿ ತಟ್ಟುವುದು. 'ರಾಷ್ಟ್ರ', 'ಶಾಸ್ತ್ರ' ಎಂಬಂಥ ಮಾತುಗಳಲ್ಲಿ ಮೂಲಾಕ್ಷರದ ಕೆಳಗೆ ಒತ್ತಕ್ಷರಗಳು ಎರಡೆರಡು ಸೇರಿ, ಅವುಗಳಿಗೆ ದೊರೆಯುವ ಎಡೆಯು ಮೂಲಾಕ್ಷರದ ಎಡೆಗಿಂತ ಎಷ್ಟೋ ಕಡಿಮೆಯಾಗಿರುತ್ತದೆ. ಇಂಗ್ಲಿಷ್ ಅಕ್ಷರ ಸ್ಪಷ್ಟವಾಗಿ ಕಾಣುವ ಅಳತೆಯಲ್ಲಿ ಕನ್ನಡದ ಒತ್ತು ಕೆಲವೇ ಬಿಂದುಗಳ ಒಂದು ಗುಪ್ಪೆಯಾಗಿಬಿಡುತ್ತದೆ. ಮೇಲಾಗಿ ನೋಡುವವರ ಬಹುಪಾಲು ಅಂಗೈಯ ಮೊಬೈಲಿನಲ್ಲಿ ನೋಡುವವರು. ಆದುದರಿಂದ ಕನ್ನಡದ ಬರವಣಿಗೆ ಪರದೆಯ ಮೇಲಿರುವ ಪಾಠವನ್ನು ದಾಖಲಿಸುವವರು ಮೂರು ಎಚ್ಚರಗಳನ್ನು ತಪ್ಪದೆ ವಹಿಸಬೇಕೆಂದು ನನ್ನ ಪ್ರಾರ್ಥನೆ. ಅಕ್ಷರವನ್ನು ತಮಗೆ ಅತಿಯೆನಿಸುವಷ್ಟು ದೊಡ್ಡದಾಗಿಡುವುದು. ಕ್ಲಿಯರ್‌ಟೈಪನ್ನು ದಾಖಲೆಯ ಹೊತ್ತಿಗೆ ನಿಲ್ಲಿಸುವುದು. ಸಾಧ್ಯವಾದೆಡೆ ಪ್ರತಿ ಬಿಂದುವಿಗೂ ಅದರದೇ ಬಣ್ಣವನ್ನು ಉಳಿಸುವ 4:4:4ರ ಕ್ರಮದಲ್ಲಿ ದಾಖಲಿಸುವುದು. ಕೊನೆಯ ಪ್ರಸಾರವು ಹೇಗೂ 4:2:0 ಆಗುವುದಲ್ಲವೇ ಎಂದರೆ, ಆಗುವುದು ನಿಜ. ಆದರೆ ಸಂಕಲನದಲ್ಲಿ ಚಿತ್ರದ ಕಾಲುಭಾಗವನ್ನು ಹಿಗ್ಗಿಸಿ ತೋರಿಸುವಾಗ, ಮೊದಲೇ ಕದಡಿದ ಬಣ್ಣವು ಹಿಗ್ಗಿ ಕಾಣುವುದಕ್ಕೂ, ಸ್ವಚ್ಛವಾದ ಬಣ್ಣವು ಹಿಗ್ಗಿದ ಬಳಿಕ ಒಮ್ಮೆ ಮಾತ್ರ ಸಂಕೋಚಗೊಳ್ಳುವುದಕ್ಕೂ ಇರುವ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಇದೇ ಕಾರಣದಿಂದ 3840ಕ್ಕೆ 2160ರ ಪರದೆಯಲ್ಲಿ ದಾಖಲಿಸಿ 1920ಕ್ಕೆ 1080ರಲ್ಲಿ ಪ್ರಕಟಿಸುವವರಿಗೆ, ಯಾವ ಮೂಲೆಯನ್ನಾದರೂ ಎರಡರಷ್ಟು ಹಿಗ್ಗಿಸುವ ಸ್ವಾತಂತ್ರ್ಯ ನಷ್ಟವಿಲ್ಲದೆ ದೊರಕುತ್ತದೆ.

ಪರದೆಯ ನಿಶ್ಚಲತೆ ಕಾಲದ ವಿಷಯದಲ್ಲಿ ತೊಡಕಾದರೂ ಗಾತ್ರದ ವಿಷಯದಲ್ಲಿ ವರವೇ. ಬದಲಾದ ಭಾಗವನ್ನು ಮಾತ್ರ ಬರೆದುಕೊಂಡರೆ ಸಾಕಾಗುವುದರಿಂದ, ಕ್ಯಾಮೆರಾದ ಚಿತ್ರಕ್ಕೆ ದುಸ್ಸಾಧ್ಯವಾದ ನಷ್ಟರಹಿತ ದಾಖಲೆ ಪರದೆಗೆ ಸುಲಭಸಾಧ್ಯ. ಮಿಶಿಗನ್ ಪ್ರಾಂತದ ಟೆಕ್‌ಸ್ಮಿತ್ ಸಂಸ್ಥೆಯು ಎರಡು ದಶಕಗಳಿಗೂ ಹಿಂದೆ ಹೊರತಂದ ಕ್ಯಾಮ್ಟೇಸಿಯಾ ತಂತ್ರಾಂಶ ತನ್ನದೇ ನಷ್ಟರಹಿತ ಕೊಡೆಕ್‌ನಿಂದ ಅಂದಿನ ದುರ್ಬಲ ಗಣಕಗಳಲ್ಲಿಯೂ ಇದನ್ನು ಸಾಧಿಸಿತು. 2018ರಲ್ಲಿ ಪ್ರಕಟವಾದ ಎವಿ1 ಕೊಡೆಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರದೆಯ ಒಂದು ಭಾಗದಲ್ಲಿ ನಾಲ್ಕಾರು ಬಣ್ಣಗಳಷ್ಟೇ ಇರುವಾಗ ಅವುಗಳ ಪಟ್ಟಿಯೊಂದನ್ನು ಮಾಡಿಕೊಳ್ಳುವ, ಒಮ್ಮೆ ಮೂಡಿದ ಅಕ್ಷರದ ಆಕೃತಿಯೇ ಅದೇ ಚಿತ್ರದಲ್ಲಿ ಮತ್ತೆ ಬಂದಾಗ ಹಿಂದಿನದನ್ನೇ ನಕಲು ಮಾಡುವ ಉಪಾಯಗಳನ್ನು ಒಳಗೊಂಡಿದೆ.

ಆದರೆ ಬದಲಾದದ್ದನ್ನು ಮಾತ್ರ ಬರೆಯುವ ಈ ಮಿತವ್ಯಯವು ಸಂಕಲನಕಾರನಿಗೆ ಬೇರೊಂದು ಭಾರವನ್ನು ಹೊರಿಸುತ್ತದೆ. ಆರಂಭ ಶಿಲ್ಕನ್ನು ಬರೆದು, ಆಮೇಲೆ ಜಮಾ ಖರ್ಚುಗಳನ್ನು ಮಾತ್ರ ನಮೂದಿಸುತ್ತ ಹೋದ ಅಂಗಡಿಯ ಖಾತೆಯಲ್ಲಿ, ನಡುವಿನ ಯಾವುದೋ ಒಂದು ದಿನ ಪೆಟ್ಟಿಗೆಯಲ್ಲಿ ಎಷ್ಟಿತ್ತೆಂದು ತಿಳಿಯಬೇಕಾದರೆ ಮೊದಲ ದಿನದಿಂದ ಲೆಕ್ಕವನ್ನು ಕೂಡಿ ಕಳೆಯಬೇಕಷ್ಟೆ. ಹಾಗೆಯೇ ಕೀಫ್ರೇಮ್ ಎಂಬ ಪೂರ್ಣಚಿತ್ರಗಳು ದೂರದೂರವಿರುವ ದಾಖಲೆಯಲ್ಲಿ, ಸಂಕಲನಕಾರನು ಬೆರಳಿಟ್ಟ ಪ್ರತಿಯೊಂದು ಸ್ಥಳಕ್ಕೂ ಯಂತ್ರವು ಹಿಂದಿನ ಕೀಫ್ರೇಮಿನಿಂದ ಗಣಿಸಿಕೊಂಡು ಬರಬೇಕಾಗುತ್ತದೆ. ಟೈಮ್‌ಲೈನ್ ತಡವರಿಸುವುದು ಇದರಿಂದಲೇ. ಕೀಫ್ರೇಮುಗಳನ್ನು ಹತ್ತಿರವಿರಿಸಿ ದಾಖಲಿಸುವುದು ಒಂದು ದಾರಿ. ಪ್ರತಿಯೊಂದು ಚಿತ್ರವೂ ಸ್ವತಂತ್ರವಾಗಿರುವ ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಡಿಯಂಥ ಮಧ್ಯವರ್ತಿ ರೂಪಕ್ಕೆ ತಿರುಗಿಸಿಕೊಂಡು, ಕಡತದ ಗಾತ್ರ ಹೆಚ್ಚಿದರೂ ಚಿಂತೆಯಿಲ್ಲವೆಂದು ಮುಂದುವರಿಯುವುದು ಇನ್ನೊಂದು. ಎರಡನೆಯದೇ ಮೇಲೆನ್ನುವವನು ನಾನು. ಕಡತದ ಹೊದಿಕೆಯ ವಿಷಯದಲ್ಲೂ ಒಂದು ಎಚ್ಚರ ಬೇಕು: ಸಾಮಾನ್ಯ ಎಂಪಿ4 ಕಡತವು ತನ್ನ ಸೂಚಿಯನ್ನು ಕೊನೆಯಲ್ಲಿ ಬರೆಯುವುದರಿಂದ, ದಾಖಲೆಯ ನಡುವೆ ವಿದ್ಯುತ್ತು ಹೋದರೆ ಅಷ್ಟೂ ಹೊತ್ತಿನ ಕೆಲಸ ತೆರೆಯಲಾರದ ಕಡತವಾಗಿ ಉಳಿಯುತ್ತದೆ, ಎಂಕೆವಿ ಎಂಬ ಹೊದಿಕೆಯಲ್ಲಿ ಆ ಕ್ಷಣದವರೆಗಿನದು ಉಳಿದುಕೊಳ್ಳುತ್ತದೆ.

ದಾಖಲೆಗೆ ಮುನ್ನ ಪರದೆಯನ್ನು ಶುಚಿಗೊಳಿಸುವ ವಿಚಾರವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಬಂಧುಗಳ ಸಂದೇಶ, ಬ್ಯಾಂಕಿನ ಸೂಚನೆ, ಗುಪ್ತಪದ ಇವು ಒಂದೇ ಚಿತ್ರದಲ್ಲಿ ಮಿಂಚಿ ಮರೆಯಾದರೂ ವೀಡಿಯೋವನ್ನು ನಿಲ್ಲಿಸಿ ಓದುವವರಿಗೆ ಸಾಕು. ದಾಖಲೆಗೆಂದೇ ಬೇರೆ ಬಳಕೆದಾರ ಖಾತೆಯೊಂದನ್ನು ತೆರೆದಿಟ್ಟುಕೊಳ್ಳುವುದು ಸುಗಮವಾದ ಮಾರ್ಗ. ಮ್ಯಾಕ್ ಯಂತ್ರಗಳು 2019ರಿಂದ ಪರದೆಯ ದಾಖಲೆಗೆ ಬಳಕೆದಾರರ ಅನುಮತಿಯನ್ನು ಕೇಳತೊಡಗಿದುದೂ, ಪರದೆಯ ಚಿತ್ರಗಳನ್ನು ಆಗಾಗ್ಗೆ ತಾನಾಗಿಯೇ ತೆಗೆದಿಡುವ ರೀಕಾಲ್ ಎಂಬ ಸೌಕರ್ಯವನ್ನು ಮೈಕ್ರೋಸಾಫ್ಟ್ 2024ರಲ್ಲಿ ಘೋಷಿಸಿ, ತೀವ್ರವಾದ ಆಕ್ಷೇಪಣೆಗಳ ಬಳಿಕ ಮುಂದೂಡಬೇಕಾಗಿ ಬಂದುದೂ, ಪರದೆ ಎಂಬುದು ಎಷ್ಟು ಖಾಸಗಿಯಾದ ಸ್ಥಳವೆಂಬುದನ್ನು ತೋರಿಸುತ್ತವೆ.

ಸಂಕಲನದ ದೃಷ್ಟಿಯಿಂದ ಎಲ್ಲಕ್ಕಿಂತ ಮಹತ್ತ್ವದ ನಿಯಮವೆಂದರೆ ಬೇರೆಯಾಗಿರತಕ್ಕದ್ದನ್ನು ಬೇರೆಯಾಗಿಯೇ ದಾಖಲಿಸುವುದು. ಬಿಲ್ ಇಂಗ್ಲಿಷ್ ಅವರ ಮುಂದೆ ಮುಖ, ಕೈ, ಪರದೆಗಳು ಪ್ರತ್ಯೇಕವಾಗಿ ಬಂದಂತೆ, ನಮ್ಮ ಮುಂದೆಯೂ ವಿವರಿಸುವವರ ಧ್ವನಿ ಒಂದು ಜಾಡಿನಲ್ಲಿ, ಗಣಕದ ಸದ್ದು ಇನ್ನೊಂದರಲ್ಲಿ, ಮುಖದ ಚಿತ್ರ ಮತ್ತೊಂದು ಕಡತದಲ್ಲಿ ಇರಬೇಕು. ಓಬಿಎಸ್ ಆರು ಧ್ವನಿಜಾಡುಗಳಿಗೆ ಎಡೆಗೊಡುವುದು ಇದಕ್ಕಾಗಿಯೇ. ಕರ್ಸರ್ ಎಂಬ ಆ ಪುಟ್ಟ ಬಾಣವನ್ನೂ ಇದಕ್ಕೆ ಸೇರಿಸಬೇಕು. ಮುಖವಿಲ್ಲದ ಪರದೆಯಲ್ಲಿ ಪಾಠ ಹೇಳುವವರ ಕಣ್ಣೂ ಅದೇ, ಬೆರಳೂ ಅದೇ. ಎಲ್ಲಿ ನೋಡಬೇಕೆಂಬುದನ್ನು ಕಲಿಯುವವನು ಅದರಿಂದಲೇ ತಿಳಿಯುತ್ತಾನೆ. ಕ್ಯಾಮ್ಟೇಸಿಯಾದಂಥ ತಂತ್ರಾಂಶಗಳು ಕರ್ಸರ್ ಇದ್ದ ಸ್ಥಾನವನ್ನು ಚಿತ್ರದೊಳಗೆ ಬೆರೆಸದೆ ಪ್ರತ್ಯೇಕ ದತ್ತಾಂಶವಾಗಿ ಇಟ್ಟುಕೊಳ್ಳುವುದರಿಂದ, ಆಮೇಲೆ ಅದನ್ನು ದೊಡ್ಡದು ಮಾಡಬಹುದು, ಮರೆಮಾಡಬಹುದು, ಅದರ ತಡವರಿಕೆಯನ್ನು ನೇರಗೊಳಿಸಬಹುದು.

ಈ ನಿಯಮದ ಪರಾಕಾಷ್ಠೆಯನ್ನು ಚಲನಚಿತ್ರರಂಗದಲ್ಲಿ ಕಾಣಬಹುದು. ಕಥೆಯೆಲ್ಲ ಗಣಕದ ಪರದೆಯ ಮೇಲೆಯೇ ನಡೆಯುವ 'ಸರ್ಚಿಂಗ್' ಚಿತ್ರವನ್ನು ಅನೀಶ್ ಚಗಂಟಿಯವರು 2018ರಲ್ಲಿ ತೆರೆಗೆ ತಂದಾಗ, ಅದರ ಸಂಕಲನಕಾರರಾದ ವಿಲ್ ಮೆರಿಕ್ ಮತ್ತು ನಿಕ್ ಜಾನ್ಸನ್ ನಟರ ಚಿತ್ರೀಕರಣಕ್ಕೆ ಮೊದಲೇ ಕೆಲಸ ಆರಂಭಿಸಿ ಇಡೀ ಚಿತ್ರದ ಕರಡನ್ನು ಸಿದ್ಧಪಡಿಸಿಕೊಂಡಿದ್ದರು. ಕೊನೆಯ ರೂಪದಲ್ಲಿ ಪರದೆಯ ಕಿಟಕಿ, ಅಕ್ಷರ, ಬಾಣಗಳನ್ನು ಬಿಡಿಬಿಡಿಯಾಗಿ ಮರುರಚಿಸಿ ಚಲಿಸುವಂತೆ ಮಾಡಿದರು. ನಾಯಕನು ಬರೆದ ಸಂದೇಶವನ್ನು ಕಳುಹಿಸದೆ ಅಳಿಸುವಾಗ ನೋಡುವವರ ಎದೆ ಬಿಗಿಯುವುದಾದರೆ, ಅದು ಬೆರಳಿನ ಆ ತಡೆಯನ್ನು ಸಂಕಲನದಲ್ಲಿ ಹದವರಿತು ಕೂರಿಸಿದ್ದರ ಫಲ. ಎರಡು ವರ್ಷಗಳ ತರುವಾಯ, ಸಾಂಕ್ರಾಮಿಕದ ದಿಗ್ಬಂಧನದ ಕಾಲದಲ್ಲಿ, ಮಲಯಾಳದ ಮಹೇಶ್ ನಾರಾಯಣನ್ ಅವರು 'ಸಿ ಯು ಸೂನ್' ಚಿತ್ರವನ್ನು ಇದೇ ಮಾರ್ಗದಲ್ಲಿ ನಿರ್ದೇಶಿಸಿದರು. ಅವರು ಮೂಲತಃ ಸಂಕಲನಕಾರರೆಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಕನ್ನಡಕ್ಕೆ ಈ ವಿದ್ಯೆಯಿಂದ ಬಂದ ನಿಜವಾದ ಲಾಭವನ್ನು ಹೇಳಬೇಕಾದರೆ ಮುಂಬಯಿಯ ಐಐಟಿಯ ಕಡೆ ನೋಡಬೇಕು. ಅಲ್ಲಿಯ ಪ್ರಾಧ್ಯಾಪಕರಾದ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ರೂಪುಗೊಂಡ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು, ಮುಕ್ತ ತಂತ್ರಾಂಶಗಳನ್ನು ಕಲಿಸುವ ಸುಮಾರು ಹತ್ತು ನಿಮಿಷದ ಪರದೆಪಾಠಗಳನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿ, ಪರದೆಯನ್ನು ಹಾಗೆಯೇ ಉಳಿಸಿಕೊಂಡು ಮಾತನ್ನು ಮಾತ್ರ ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳಿಗೆ ತಂದಿತು. ಎಡಸಾಲಿನಲ್ಲಿ ನಿಮಿಷ ಸೆಕೆಂಡುಗಳು, ಬಲಸಾಲಿನಲ್ಲಿ ಆ ಗಳಿಗೆಗೆ ನುಡಿಯತಕ್ಕ ವಾಕ್ಯ, ಹೀಗೆ ಅವರ ಕನ್ನಡದ ಹಸ್ತಪ್ರತಿಗಳು ವ್ಯವಸ್ಥಿತವಾಗಿವೆ. ಕಲಿಯುವವನು ಪಾಠವನ್ನು ಒಂದು ಪಕ್ಕದಲ್ಲೂ ತಂತ್ರಾಂಶವನ್ನು ಇನ್ನೊಂದು ಪಕ್ಕದಲ್ಲೂ ತೆರೆದಿಟ್ಟು, ನೋಡುತ್ತ ನೋಡುತ್ತಲೇ ಮಾಡಬೇಕೆಂಬುದು ಅವರ ಪದ್ಧತಿ. ಊರಿನ ಕಾಲೇಜಿನಲ್ಲಿ ಇಂಗ್ಲಿಷಿನ ವೇಗಕ್ಕೆ ಕಿವಿ ಹೊಂದಿಸಲಾರದ ವಿದ್ಯಾರ್ಥಿಗೆ ಇದಕ್ಕಿಂತ ಮಿಗಿಲಾದ ಉಪಕಾರವನ್ನು ನಾನು ಊಹಿಸಲಾರೆ.

ಮಾತನ್ನು ಹೀಗೆ ಕನ್ನಡಕ್ಕೆ ತರುವ ಕೆಲಸದಲ್ಲಿ ಕೈಯಿಟ್ಟವರಿಗೆ ಮಾತ್ರ ಗೊತ್ತಾಗುವ ಕಷ್ಟವೊಂದುಂಟು. ಇಂಗ್ಲಿಷಿನ ಆಜ್ಞಾವಾಕ್ಯದಲ್ಲಿ ಕ್ರಿಯೆ ಮೊದಲು, ವಸ್ತು ಆಮೇಲೆ. ಕನ್ನಡದಲ್ಲಾದರೋ 'ಫೈಲ್ ಮೆನುವಿನ ಮೇಲೆ' ಎಂದು ಸ್ಥಳವನ್ನು ಮೊದಲು ಹೇಳಿ, 'ಕ್ಲಿಕ್ ಮಾಡಿ' ಎಂಬ ಕ್ರಿಯೆಗೆ ವಾಕ್ಯದ ಕೊನೆಯಲ್ಲಿ ಬರುತ್ತೇವೆ. ಇಂಗ್ಲಿಷ್ ಮಾತಿಗೆ ಹೊಂದಿಸಿ ದಾಖಲಾದ ಪರದೆಯಲ್ಲಿ, ಕನ್ನಡದ ವಾಕ್ಯವು ಇನ್ನೂ ಸ್ಥಳನಿರ್ದೇಶದಲ್ಲಿರುವಾಗಲೇ ಮೆನು ತೆರೆದುಬಿಟ್ಟಿರುತ್ತದೆ. ಕಲಿಯುವವನ ಕಣ್ಣು ಕಿವಿಗಿಂತ ಒಂದು ಹೆಜ್ಜೆ ಮುಂದೋಡಿ, ಎರಡೂ ಸೇರಬೇಕಾದಲ್ಲಿ ಸೇರುವುದಿಲ್ಲ. ವಾಕ್ಯವೊಂದೊಂದರ ಅಂತ್ಯದಲ್ಲೂ ಒಂದೆರಡು ಸೆಕೆಂಡು ಕೈಯನ್ನು ನಿಶ್ಚಲವಾಗಿರಿಸಿ ದಾಖಲಿಸಿದ್ದರೆ, ಆ ನಿಶ್ಚಲಭಾಗವನ್ನು ಬೇಕಾದಷ್ಟು ಎಳೆದು ಕನ್ನಡಕ್ಕೆ ಎಡೆಮಾಡಿಕೊಡಬಹುದು. ಕರ್ಸರ್ ಬೇರೆ ಪದರದಲ್ಲಿದ್ದರೆ ಅದನ್ನು ಮೆನುವಿನ ಬಳಿ ತಡೆದು ನಿಲ್ಲಿಸಿ, ಕ್ರಿಯಾಪದವು ಕಿವಿಗೆ ಬಿದ್ದೊಡನೆಯೇ ಒತ್ತಿಸಬಹುದು. ಎಲ್ಲವೂ ಒಂದೇ ಚಿತ್ರದಲ್ಲಿ ಬೆರೆತು, ಉಸಿರಾಡಲು ಬಿಡುವಿಲ್ಲದಂತೆ ಓಡುತ್ತಿದ್ದರೆ, ಅನುವಾದಕನು ಕನ್ನಡದ ವಾಕ್ಯವನ್ನೇ ಮುರಿದು ಯಂತ್ರದ ಕಾಲಕ್ಕೆ ಒಪ್ಪಿಸಬೇಕಾಗುತ್ತದೆ.